ದ್ವಾರದ ಬಳಿಯ ನಾಯಿ: ಬೀದಿನಾಯಿಗಳ ಆಶ್ರಯಧಾಮಗಳ ಚರಿತ್ರೆ ಮತ್ತು ಸಭೆಯ ಕರ್ತವ್ಯ

2025ನೆಯ ಇಸವಿಯ ಆಗಸ್ಟ್ 11ರಂದು ಸರ್ವೋಚ್ಚ ನ್ಯಾಯಾಲಯದ ದ್ವಿಸದಸ್ಯ ಪೀಠವು ದೆಹಲಿ ಮತ್ತು ಅದರ ಸುತ್ತಲಿನ ಪ್ರದೇಶದ ಬೀದಿನಾಯಿಗಳನ್ನೆಲ್ಲ ಹಿಡಿದು ಆಶ್ರಯತಾಣಗಳಲ್ಲಿ ಇರಿಸಬೇಕೆಂದೂ, ಅವುಗಳನ್ನು ಮತ್ತೆ ಬೀದಿಗೆ ಬಿಡಬಾರದೆಂದೂ ಆಜ್ಞಾಪಿಸಿತು. ಹನ್ನೊಂದು ದಿನಗಳ ತರುವಾಯ ತ್ರಿಸದಸ್ಯ ಪೀಠವು ಆ ಆಜ್ಞೆಯನ್ನು ತಿದ್ದಿ, ಸಂತಾನಹರಣ ಶಸ್ತ್ರಚಿಕಿತ್ಸೆಯೂ ಲಸಿಕೆಯೂ ಆದ ನಾಯಿಗಳನ್ನು ಹಿಡಿದ ಸ್ಥಳಕ್ಕೇ ಮರಳಿಸಬೇಕು, ರೇಬೀಸ್ ತಗುಲಿದವನ್ನೂ ಆಕ್ರಮಣಶೀಲವಾದವನ್ನೂ ಮಾತ್ರ ಮರಳಿಸಕೂಡದು ಎಂದು ಹೇಳಿತು. ಅದೇ ವರ್ಷದ ನವೆಂಬರ್ 7ರಂದು ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣಗಳ ಆವರಣದಿಂದ ನಾಯಿಗಳನ್ನು ತೆರವುಗೊಳಿಸಿ ಆಶ್ರಯತಾಣಗಳಿಗೆ ಸಾಗಿಸಬೇಕೆಂಬ ಇನ್ನೊಂದು ಆಜ್ಞೆ ಹೊರಬಿತ್ತು. ಹೀಗೆ ಮೂರು ತಿಂಗಳ ಅವಧಿಯಲ್ಲಿ ‘ಆಶ್ರಯ’ ಎಂಬ ಪದವು ನಾಡಿನ ಬಾಯಲ್ಲೆಲ್ಲ ಓಡಾಡಿತು. ಆಶ್ರಯವೆಂದರೇನು, ಅದು ಯಾರಿಗಾಗಿ, ಅದರೊಳಗೆ ಹೋದ ಪ್ರಾಣಿಗೆ ಏನಾಗುತ್ತದೆ ಎಂಬ ಪ್ರಶ್ನೆಗಳು ಮಾತ್ರ ಹಿಂದೆ ಉಳಿದವು.

ಈ ಪ್ರಶ್ನೆಗಳಿಗೆ ಚರಿತ್ರೆಯಲ್ಲಿ ಉತ್ತರಗಳುಂಟು. ಆ ಚರಿತ್ರೆಯಲ್ಲಿ ಕ್ರೈಸ್ತ ಸಭೆಯ ಪಾತ್ರವೂ ಉಂಟು. ಅದು ಕೆಲವೆಡೆ ಹೆಮ್ಮೆಪಡತಕ್ಕದ್ದು, ಕೆಲವೆಡೆ ತಲೆತಗ್ಗಿಸತಕ್ಕದ್ದು. ದೈವಶಾಸ್ತ್ರದ ವಿದ್ಯಾರ್ಥಿಗಳೂ ಸಭಾಪಾಲಕರೂ ಇದನ್ನು ತಿಳಿದಿರಬೇಕಾದುದಕ್ಕೆ ಕಾರಣ ಸರಳವಾಗಿದೆ. ನಾಯಿಗೆ ಅನ್ನ ಹಾಕುವವರೂ ನಾಯಿ ಕಚ್ಚಿದ ಮಗುವಿನ ತಂದೆತಾಯಿಗಳೂ ಒಂದೇ ಆರಾಧನೆಯಲ್ಲಿ ಅಕ್ಕಪಕ್ಕದ ಬೆಂಚುಗಳಲ್ಲಿ ಕುಳಿತಿರುತ್ತಾರೆ. ಇಬ್ಬರಿಗೂ ಸಲ್ಲುವ ಮಾತನ್ನು ಆಡಬೇಕಾದವನು ಸಭಾಪಾಲಕನು.

ಪವಿತ್ರ ಶಾಸ್ತ್ರದಲ್ಲಿ ನಾಯಿ

ಸತ್ಯವೇದದ ನಾಯಿಗಳಲ್ಲಿ ಬಹುಪಾಲು ಬೀದಿನಾಯಿಗಳೇ. 59ನೆಯ ಕೀರ್ತನೆಯಲ್ಲಿ ಅವು ಸಂಜೆಯಾದೊಡನೆ ಆಹಾರವನ್ನರಸುತ್ತ ಊರೆಲ್ಲ ಸುತ್ತುತ್ತವೆ. ಅರಸುಗಳ ಗ್ರಂಥಗಳಲ್ಲಿ ಅಹಾಬನ ರಕ್ತವನ್ನು ನೆಕ್ಕುತ್ತವೆ, ಈಜೆಬೆಲಳ ಶವವನ್ನು ತಿನ್ನುತ್ತವೆ. ಮೆಫೀಬೋಶೆತನು ದಾವೀದನೆದುರು ತನ್ನನ್ನು ಸತ್ತ ನಾಯಿಗೆ ಹೋಲಿಸಿಕೊಂಡು ದೈನ್ಯವನ್ನು ತೋರಿಸುತ್ತಾನೆ. ಅಪೊಸ್ತಲನಾದ ಪೌಲನು ಫಿಲಿಪ್ಪಿಯ ಸಭೆಗೆ ಬರೆಯುವಾಗ ಸುಳ್ಳುಬೋಧಕರನ್ನು ಈ ಹೆಸರಿನಿಂದಲೇ ಕರೆಯುತ್ತಾನೆ. ಪ್ರಕಟನೆಯ ಕೊನೆಯ ಅಧ್ಯಾಯದಲ್ಲಿ ನಾಯಿಗಳೆನಿಸಿದವರು ಪರಿಶುದ್ಧ ಪಟ್ಟಣದ ಹೊರಗುಳಿಯುತ್ತಾರೆ. ಇವೆಲ್ಲವನ್ನು ಓದಿದವರಿಗೆ ಶಾಸ್ತ್ರವು ನಾಯಿಯ ವೈರಿಯೆಂದು ತೋರಿದರೆ ಆಶ್ಚರ್ಯವಿಲ್ಲ.

ಆದರೆ ಇದೇ ಶಾಸ್ತ್ರದಲ್ಲಿ ಇನ್ನೊಂದು ಎಳೆಯೂ ಇದೆ. ಐಗುಪ್ತದಿಂದ ಹೊರಟ ರಾತ್ರಿ ಇಸ್ರಾಯೇಲ್ಯರ ಮೇಲೆ ಒಂದು ನಾಯಿಯೂ ಬೊಗಳುವುದಿಲ್ಲವೆಂದು ವಿಮೋಚನಕಾಂಡದ 11ನೆಯ ಅಧ್ಯಾಯ ಹೇಳುತ್ತದೆ. 22ನೆಯ ಅಧ್ಯಾಯವು ಕಾಡುಮೃಗ ಕೊಂದ ಪ್ರಾಣಿಯ ಮಾಂಸವನ್ನು ಜನರು ತಿನ್ನದೆ ನಾಯಿಗಳಿಗೆ ಹಾಕಬೇಕೆಂದು ವಿಧಿಸುತ್ತದೆ. ಯೆಹೂದ್ಯ ಪಂಡಿತರು ಈ ಎರಡು ವಚನಗಳನ್ನು ಕೂಡಿಸಿ, ಆ ರಾತ್ರಿಯ ಮೌನಕ್ಕೆ ದೇವರು ನಾಯಿಗಳಿಗೆ ಕೊಟ್ಟ ಪ್ರತಿಫಲವೇ ಈ ವಿಧಿಯೆಂದು ಅರ್ಥಮಾಡಿದರು. ತೊಬೀತನ ಗ್ರಂಥದಲ್ಲಿ ಯುವಕನಾದ ತೊಬೀಯನೂ ದೇವದೂತನಾದ ರಫಾಯೇಲನೂ ಪ್ರಯಾಣ ಹೊರಟಾಗ ಅವರ ಹಿಂದೆ ಒಂದು ನಾಯಿ ಹೋಗುತ್ತದೆ, ಅವರೊಂದಿಗೇ ಹಿಂದಿರುಗುತ್ತದೆ. ಕಥೆಯಲ್ಲಿ ಅದಕ್ಕೆ ಬೇರೆ ಕೆಲಸವಿಲ್ಲ.

ಸುವಾರ್ತೆಗಳಲ್ಲಿ ಎರಡು ಸಂದರ್ಭಗಳು ಮುಖ್ಯವಾದವು. ಮತ್ತಾಯನ 15ನೆಯ ಅಧ್ಯಾಯದ ಕಾನಾನ್ಯ ಸ್ತ್ರೀಯ ಪ್ರಸಂಗದಲ್ಲಿ ಕರ್ತನು ಬಳಸುವ ಗ್ರೀಕ್ ಪದವು ಅಲ್ಪಾರ್ಥಕ ರೂಪದ್ದು. ಮನೆಯೊಳಗೆ ಓಡಾಡುವ ನಾಯಿಗೆ ಹೊಂದುವಂಥದು. ಪದವು ಮೃದುವಾದರೂ ಮಾತಿನ ಕಾಠಿಣ್ಯ ಕರಗುವುದಿಲ್ಲ. ಒಂದು ಜನಾಂಗವನ್ನು ನಾಯಿಯೆಂದು ಕರೆಯುವ ವಾಡಿಕೆಯನ್ನು ಆ ಸ್ತ್ರೀಯು ನಿರಾಕರಿಸದೆ, ಮೇಜಿನ ಕೆಳಗಿನ ತುಣುಕಿಗೂ ಹಕ್ಕುಂಟೆಂದು ವಾದಿಸಿ ಗೆಲ್ಲುತ್ತಾಳೆ. ಭಾರತದ ದಲಿತ ದೈವಶಾಸ್ತ್ರವು ಈ ಭಾಗವನ್ನು ನೋವಿನಿಂದ ಓದಿರುವುದು ಸಹಜವೇ. ಇದೇ ನಾಡಿನಲ್ಲಿ ನಾಯಿ ಬಾಯಿಡಬಹುದಾದ ಕೆರೆಯ ನೀರನ್ನು ಮನುಷ್ಯನು ಮುಟ್ಟಬಾರದೆಂಬ ನಿಷೇಧವಿದ್ದುದರಿಂದಲೇ 1927ರಲ್ಲಿ ಡಾ. ಅಂಬೇಡ್ಕರರು ಮಹಾಡದ ಕೆರೆಗೆ ನಡೆಯಬೇಕಾಯಿತು. ನಾಯಿಯ ಮೇಲಿನ ದಯೆಯನ್ನು ಕುರಿತು ಬರೆಯುವವರು ಈ ನೆನಪನ್ನು ದಾಟಿ ಹೋಗಲಾಗದು.

ಎರಡನೆಯದು ಲೂಕನ 16ನೆಯ ಅಧ್ಯಾಯದ ಸಾಮ್ಯ. ಐಶ್ವರ್ಯವಂತನ ಬಾಗಿಲಲ್ಲಿ ಲಾಜರನು ಹುಣ್ಣುಗಳಿಂದ ತುಂಬಿದವನಾಗಿ ಬಿದ್ದಿದ್ದಾನೆ. ನಾಯಿಗಳು ಬಂದು ಆ ಹುಣ್ಣುಗಳನ್ನು ನೆಕ್ಕುತ್ತವೆ. ವ್ಯಾಖ್ಯಾನಕಾರರಲ್ಲಿ ಕೆಲವರು ಇದನ್ನು ಅವಮಾನದ ಪರಾಕಾಷ್ಠೆಯೆಂದೂ, ಕೆಲವರು ಮನುಷ್ಯರು ತೋರದ ಕನಿಕರವೆಂದೂ ತಿಳಿದಿದ್ದಾರೆ. ಯಾವ ಅರ್ಥವನ್ನು ಹಿಡಿದರೂ ಒಂದು ಸಂಗತಿ ಉಳಿಯುತ್ತದೆ: ಬಾಗಿಲ ಹೊರಗೆ ಬಡವನೂ ನಾಯಿಯೂ ಒಂದೇ ನೆಲದ ಮೇಲಿದ್ದಾರೆ, ಒಳಗಿರುವವನು ಇಬ್ಬರನ್ನೂ ಕಾಣನು.

ಆತಕೂರಿನ ಕಲ್ಲು, ಲಿಯೋನಿನ ತೋಪು

ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಒಂದು ವೀರಗಲ್ಲು ಇದೆ. ಅದರ ಮೇಲೆ ನಾಯಿಯೊಂದು ಹಂದಿಯೊಡನೆ ಸೆಣಸುತ್ತಿರುವ ಶಿಲ್ಪವಿದೆ. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಿಂದ ತಂದ ಈ ಶಾಸನ ಸುಮಾರು ಕ್ರಿ.ಶ. 950ರದು. ತಕ್ಕೋಲದ ಯುದ್ಧದಲ್ಲಿ ರಾಷ್ಟ್ರಕೂಟರ ಮೂರನೆಯ ಕೃಷ್ಣನೂ ಗಂಗರ ಬೂತುಗನೂ ಕೂಡಿ ಚೋಳ ರಾಜಾದಿತ್ಯನನ್ನು ಸೋಲಿಸಿದ ಮೇಲೆ, ಶೌರ್ಯ ತೋರಿದ ಮಣಲೆರನೆಂಬ ವೀರನಿಗೆ ‘ಮೆಚ್ಚಿದೆನು, ಬೇಡಿಕೋ’ ಎಂಬ ಮಾತು ಬಂತು. ಅವನು ಭೂಮಿಯನ್ನೂ ಹೊನ್ನನ್ನೂ ಬೇಡದೆ ಕಾಳಿ ಎಂಬ ಬೇಟೆನಾಯಿಯನ್ನು ಬೇಡಿ ಪಡೆದನು. ಮುಂದೆ ಬೆಳತೂರಿನ ಬೆಟ್ಟದಲ್ಲಿ ಆ ನಾಯಿ ದೊಡ್ಡ ಹಂದಿಯೊಡನೆ ಹೋರಾಡಿ, ಎರಡೂ ಸತ್ತವು. ಆತಕೂರಿನ ಚಲ್ಲೇಶ್ವರ ದೇವಾಲಯದ ಮುಂದೆ ಕಲ್ಲನ್ನು ನಿಲ್ಲಿಸಿ, ಅದರ ಪೂಜೆಗೆ ಭೂಮಿಯನ್ನು ಬಿಡಲಾಯಿತು. ಆ ಭೂಮಿಯನ್ನು ಅನುಭವಿಸುವ ಗೊರವನು ಕಲ್ಲನ್ನು ಪೂಜಿಸದೆ ಉಣ್ಣಬಾರದೆಂಬ ಕಟ್ಟಳೆಯೂ ಶಾಸನದಲ್ಲಿದೆ. ಕನ್ನಡ ನೆಲದಲ್ಲಿ ನಾಯಿಯ ನೆನಪನ್ನು ಕಾಯುವ ಹೊಣೆ ಒಬ್ಬ ಪೂಜಾರಿಯ ಅನ್ನಕ್ಕೆ ಸಾವಿರ ವರ್ಷಗಳ ಹಿಂದೆಯೇ ಕಟ್ಟಲ್ಪಟ್ಟಿತ್ತು.

ಇದಕ್ಕೆ ಎದುರಾಗಿ 13ನೆಯ ಶತಮಾನದ ಫ್ರಾನ್ಸಿನ ಒಂದು ವೃತ್ತಾಂತವನ್ನು ಇಡಬಹುದು. ಲಿಯೋನ್ ಪಟ್ಟಣದ ಸಮೀಪದ ತೋಪೊಂದರಲ್ಲಿ ಹಳ್ಳಿಯ ತಾಯಂದಿರು ಗಿನೆಫೋರ್ ಎಂಬ ಬೇಟೆನಾಯಿಯನ್ನು ಸಂತನೆಂದು ನಂಬಿ, ರೋಗದ ಕೂಸುಗಳನ್ನು ಅಲ್ಲಿಗೆ ಒಯ್ಯುತ್ತಿದ್ದರು. ತೊಟ್ಟಿಲ ಮಗುವನ್ನು ಹಾವಿನಿಂದ ಕಾಪಾಡಿದ ಆ ನಾಯಿಯನ್ನು, ಬಾಯಿಗೆ ಮೆತ್ತಿದ ರಕ್ತವನ್ನು ಕಂಡು ತಪ್ಪು ತಿಳಿದ ಯಜಮಾನನು ಕೊಂದನೆಂಬುದು ಐತಿಹ್ಯ. ನಮ್ಮ ಮನೆಗಳಲ್ಲಿ ಮಕ್ಕಳಿಗೆ ಹೇಳುವ ಮುಂಗುಸಿಯ ಕಥೆಯೇ ಅಷ್ಟು ದೂರ ಸಾಗಿ ನಾಯಿಯ ರೂಪವನ್ನು ತಾಳಿತ್ತು. ಇದನ್ನು ಕಂಡುಹಿಡಿದ ಎತಿಯೆನ್ ದ ಬೂರ್ಬೋನ್ ಎಂಬ ಡೊಮಿನಿಕನ್ ಸಂನ್ಯಾಸಿಯು ನಾಯಿಯ ಎಲುಬುಗಳನ್ನು ಅಗೆಸಿ ಸುಡಿಸಿದನು, ತೋಪನ್ನು ಕಡಿಸಿದನು. ವಿಗ್ರಹಾರಾಧನೆಯನ್ನು ತಡೆಯುವುದು ಅವನ ಕರ್ತವ್ಯವಾಗಿತ್ತು. ಅಲ್ಲಿ ಕೂಸುಗಳ ಜೀವಕ್ಕೆ ಅಪಾಯ ತರುವ ಆಚರಣೆಗಳೂ ನಡೆಯುತ್ತಿದ್ದವು. ಆದರೂ ನಿರಪರಾಧಿಯಾದ ಪ್ರಾಣಿಯ ಸಾವಿಗೆ ಮರುಗುತ್ತಿದ್ದ ಆ ತಾಯಂದಿರಿಗೆ ಬೇರೆ ಯಾವ ಮಾತನ್ನು ಹೇಳಬಹುದಾಗಿತ್ತು ಎಂಬ ಪ್ರಶ್ನೆ ಇಂದಿನ ಸಭಾಪಾಲಕನದೂ ಆಗಿದೆ.

ವಧೆಯ ನೆರಳಿನಲ್ಲಿ ಹುಟ್ಟಿದ ಆಶ್ರಯ

ಪ್ರಾಣಿಗಳಿಗೆ ಆಶ್ರಯ ಕಟ್ಟುವುದನ್ನು ಪಶ್ಚಿಮದ ಕ್ರೈಸ್ತರು ಭಾರತಕ್ಕೆ ಕಲಿಸಲಿಲ್ಲ. ಅವರೇ ಇಲ್ಲಿ ಅದನ್ನು ಕಂಡು ಬೆರಗಾದರು. 16ನೆಯ ಶತಮಾನದ ಕೊನೆಯಲ್ಲಿ ಬಂದ ಇಂಗ್ಲಿಷ್ ವರ್ತಕ ರಾಲ್ಫ್ ಫಿಚ್ ಕೂಚ್ ಬಿಹಾರದಲ್ಲಿ ಕುರಿ, ಮೇಕೆ, ನಾಯಿ, ಬೆಕ್ಕು, ಹಕ್ಕಿಗಳಿಗಾಗಿ ಇದ್ದ ಆಸ್ಪತ್ರೆಗಳನ್ನು ಕುರಿತು ಬರೆದನು. 1623ರಲ್ಲಿ ಇಟಲಿಯ ಕಥೋಲಿಕ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ಖಂಬಾತಿನ ಇಂಥ ಆಸ್ಪತ್ರೆಗಳನ್ನು ಸ್ವತಃ ನೋಡಿ ವಿವರವಾಗಿ ಬಣ್ಣಿಸಿದನು. ಅದೇ ಪ್ರವಾಸದಲ್ಲಿ ಅವನು ಕನ್ನಡ ನಾಡಿಗೂ ಬಂದು ಇಕ್ಕೇರಿಯನ್ನೂ ಮಂಗಳೂರನ್ನೂ ಕಂಡನು. ಜೈನ ವರ್ತಕರ ಪಾಂಜರಪೋಳಗಳ ಪರಂಪರೆ ಅದು.

ಬೀದಿನಾಯಿಗಳಿಗೆಂದೇ ದೊಡ್ಡ ಪ್ರಮಾಣದ ಆಶ್ರಯ ಹುಟ್ಟಿದ್ದು ಮುಂಬಯಿಯಲ್ಲಿ. ಕಂಪನಿ ಸರ್ಕಾರವು ಬೀದಿನಾಯಿಗಳನ್ನು ಕೊಂದವರಿಗೆ ಬಹುಮಾನ ಕೊಡುತ್ತಿತ್ತು. ಬಹುಮಾನದ ಆಸೆಗೆ ಮನೆಯಂಗಳದ ನಾಯಿಗಳನ್ನೂ ಹೊಡೆಯಲಾರಂಭಿಸಿದಾಗ, 1832ರ ಜೂನ್ 6ರಂದು ಪಾರಸಿಗಳು ದಂಗೆ ಎದ್ದರು. ಪಾರಸಿಗಳ ಅಂತ್ಯಕ್ರಿಯೆಯಲ್ಲಿ ಶವವನ್ನು ನಾಯಿಗೆ ತೋರಿಸುವ ವಿಧಿಯುಂಟು. ಆದುದರಿಂದ ನಾಯಿಯ ವಧೆ ಅವರಿಗೆ ಧರ್ಮದ ವಿಷಯವಾಗಿತ್ತು. ಹಿಂದೂಗಳೂ ಜೈನರೂ ಜೊತೆಗೂಡಿದರು. ಅಂಗಡಿಗಳು ಮುಚ್ಚಿದವು, ಸೈನ್ಯಕ್ಕೆ ಹೋಗುವ ದಿನಸಿಯೂ ನಿಂತಿತು. ಎರಡು ವರ್ಷಗಳ ಬಳಿಕ, 1834ರಲ್ಲಿ, ಪಾರಸಿಯಾದ ಜಮಶೇಟ್‌ಜಿ ಜೀಜೀಭಾಯ್ ಮತ್ತು ಜೈನರಾದ ಮೋತಿಚಂದ್ ಅಮೀಚಂದರ ಮುಂದಾಳುತನದಲ್ಲಿ ಮುಂಬಯಿ ಪಾಂಜರಪೋಳ ಸ್ಥಾಪಿತವಾಯಿತು. ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಇಳಿದ ವರ್ಷವೂ ಅದೇ. ಕೊಲ್ಲಬೇಡಿರೆಂದು ಹೇಳಿದವರ ಮೇಲೆ ‘ಹಾಗಾದರೆ ನೀವೇ ಸಾಕಿರಿ’ ಎಂಬ ಹೊಣೆ ಬಿತ್ತು. ಅವರು ಆ ಹೊಣೆಯನ್ನು ಹೊತ್ತರು. ಆಶ್ರಯವು ವಧೆಗೆ ಉತ್ತರವಾಗಿ ಹುಟ್ಟುವ ಈ ಕ್ರಮ ಮುಂದಿನ ಚರಿತ್ರೆಯಲ್ಲಿ ಮತ್ತೆ ಮತ್ತೆ ಕಾಣುತ್ತದೆ.

ಇತ್ತ ಇಂಗ್ಲೆಂಡಿನಲ್ಲಿ ಈ ಕಾರ್ಯಕ್ಕೆ ಮೊದಲು ಬೆಲೆ ತೆತ್ತವರಲ್ಲಿ ಒಬ್ಬ ಪಾದ್ರಿ ಇದ್ದನು. ಆಂಗ್ಲಿಕನ್ ಸಭೆಯ ಆರ್ಥರ್ ಬ್ರೂಮ್ 1824ರ ಜೂನ್ 16ರಂದು ಲಂಡನ್ನಿನಲ್ಲಿ ಪ್ರಾಣಿಹಿಂಸಾ ನಿವಾರಣ ಸಂಘದ ಸ್ಥಾಪನಾ ಸಭೆಯನ್ನು ಕರೆದನು. ದಾಸ್ಯವಿಮೋಚನೆಯ ಹೋರಾಟಗಾರ ವಿಲಿಯಂ ವಿಲ್ಬರ್‌ಫೋರ್ಸ್ ಅಲ್ಲಿದ್ದನು. ಬ್ರೂಮನಿಗೆ ಪ್ರೇರಣೆ ಕೊಟ್ಟದ್ದು ಹಂಫ್ರಿ ಪ್ರಿಮಟ್ ಎಂಬ ಇನ್ನೊಬ್ಬ ಪಾದ್ರಿಯು 1776ರಲ್ಲಿ ಪ್ರಕಟಿಸಿದ, ಪ್ರಾಣಿಗಳ ಮೇಲಿನ ಕ್ರೌರ್ಯವನ್ನು ಪಾಪವೆಂದು ವಾದಿಸುವ ಪ್ರಬಂಧ. ಜಾನ್ ವೆಸ್ಲಿಯೂ 1781ರಲ್ಲಿ ರೋಮಾಪುರದವರಿಗೆ ಬರೆದ ಪತ್ರಿಕೆಯ 8ನೆಯ ಅಧ್ಯಾಯವನ್ನು ಆಧರಿಸಿ, ನರಳುವ ಸೃಷ್ಟಿಯ ಬಿಡುಗಡೆಯಲ್ಲಿ ಪ್ರಾಣಿಗಳಿಗೂ ಪಾಲುಂಟೆಂದು ಬೋಧಿಸಿದ್ದನು. ಸಂಘದ ಕೆಲಸಕ್ಕಾಗಿ ತನ್ನ ಸಭಾಸೇವೆಯನ್ನು ಬಿಟ್ಟ ಬ್ರೂಮ್, ಸಂಘದ ಸಾಲಕ್ಕೆ ಹೊಣೆಯಾಗಿ 1826ರಲ್ಲಿ ಸೆರೆಮನೆಯನ್ನೂ ಸೇರಿದನು. ಅವನ ತರುವಾಯ ಸಂಘವನ್ನು ನಡೆಸಿದವನು ಯೆಹೂದ್ಯನಾದ ಲೂಯಿಸ್ ಗಾಂಪರ್ಟ್ಸ್. ಸಂಘವು ಕ್ರೈಸ್ತ ತತ್ತ್ವಗಳ ಮೇಲೆ ಮಾತ್ರ ನಿಂತದ್ದೆಂಬ ನಿರ್ಣಯ ಬಂದಾಗ ಅವನು ಹೊರನಡೆಯಬೇಕಾಯಿತು. ಪ್ರಾಣಿಗೆ ಬಾಗಿಲು ತೆರೆದ ಸಂಘವು ಒಬ್ಬ ನೆರೆಯವನಿಗೆ ಬಾಗಿಲು ಮುಚ್ಚಿದ ಈ ಸಂಗತಿಯನ್ನು ನಮ್ಮ ಪಾಠಗಳಲ್ಲಿ ಬಿಟ್ಟುಬಿಡುವುದು ನ್ಯಾಯವಲ್ಲ.

1860ರಲ್ಲಿ ಮೇರಿ ಟೀಲ್ಬಿ ಎಂಬ ಸ್ತ್ರೀಯು ಲಂಡನ್ನಿನಲ್ಲಿ ದಿಕ್ಕಿಲ್ಲದ ನಾಯಿಗಳಿಗೊಂದು ಮನೆ ತೆರೆದಳು. ಮನುಷ್ಯರೇ ಹಸಿದಿರುವಾಗ ನಾಯಿಗಳಿಗೆ ಮನೆಯೇ ಎಂದು ಪತ್ರಿಕೆಗಳು ಹಾಸ್ಯಮಾಡಿದವು. 1871ರಲ್ಲಿ ಅದು ಬ್ಯಾಟರ್‌ಸೀಗೆ ಸ್ಥಳಾಂತರವಾಯಿತು. ರೇಬೀಸಿನ ಭಯದಿಂದ ಪೊಲೀಸರು ಹಿಡಿದು ತರುವ ನಾಯಿಗಳ ಸಂಖ್ಯೆ ಏರಿದಂತೆ, ಸಾಕುವವರು ಸಿಗದ ನಾಯಿಗಳನ್ನು ಅಲ್ಲಿಯೇ ಕೊಲ್ಲಲಾರಂಭಿಸಿದರು. 1884ರಲ್ಲಿ ಅದಕ್ಕಾಗಿ ವಿಷಾನಿಲದ ಕೊಠಡಿಯನ್ನೂ ಕಟ್ಟಲಾಯಿತು. ಕರುಣೆಯಿಂದ ಹುಟ್ಟಿದ ಮನೆಯೇ ಸಂಖ್ಯೆಯ ಭಾರಕ್ಕೆ ಬಗ್ಗಿ ವಧಾಸ್ಥಾನವಾಯಿತು. ನಾಯಿಗಳನ್ನೆಲ್ಲ ಆಶ್ರಯಕ್ಕೆ ಸಾಗಿಸಿರೆಂದು ಹೇಳುವಾಗ ಈ ಉದಾಹರಣೆ ನಮ್ಮ ಕಣ್ಣೆದುರಿಗಿರಬೇಕು.

ಹುಚ್ಚುನಾಯಿಯ ಭಯ

ನಾಯಿಯ ಚರಿತ್ರೆಯನ್ನು ದಯೆಯ ಚರಿತ್ರೆಯಾಗಿ ಮಾತ್ರ ಬರೆಯುವುದು ಅಪ್ರಾಮಾಣಿಕವಾದೀತು. ಲಕ್ಷಣಗಳು ಕಾಣಿಸಿಕೊಂಡ ಮೇಲೆ ರೇಬೀಸಿನಿಂದ ಬದುಕಿ ಉಳಿಯುವುದು ಬಲು ಅಪರೂಪ. ಮಧ್ಯಯುಗದ ಯೂರೋಪಿನಲ್ಲಿ ಕಚ್ಚಿಸಿಕೊಂಡವರು ಆರ್ಡೆನ್ ಪ್ರದೇಶದ ಸಂತ ಹ್ಯೂಬರ್ಟನ ಕ್ಷೇತ್ರಕ್ಕೆ ಯಾತ್ರೆ ಹೋಗುತ್ತಿದ್ದರು. ಗುರುಗಳು ‘ಹ್ಯೂಬರ್ಟನ ಕೀಲಿ’ ಎಂಬ ಕಬ್ಬಿಣದ ಸಾಧನವನ್ನು ಕಾಯಿಸಿ ಗಾಯವನ್ನು ಸುಡುತ್ತಿದ್ದರು. 1885ರ ಜುಲೈ 6ರಂದು ಲೂಯಿ ಪಾಸ್ಚರ್ ಒಂಬತ್ತು ವರ್ಷದ ಜೋಸೆಫ್ ಮೈಸ್ಟರನಿಗೆ ಲಸಿಕೆ ಕೊಡಿಸಿದ ಮೇಲೆ ಆ ಯಾತ್ರೆಗಳು ಕ್ರಮೇಣ ಕಡಿಮೆಯಾದವು. ಭಾರತದಲ್ಲಿ 1900ರಲ್ಲಿ ಕಸೌಲಿಯಲ್ಲಿ, 1907ರಲ್ಲಿ ದಕ್ಷಿಣದವರಿಗಾಗಿ ಕೂನೂರಿನಲ್ಲಿ ಪಾಸ್ಚರ್ ಸಂಸ್ಥೆಗಳು ತೆರೆದವು. ಕಸೌಲಿಯಲ್ಲಿ ಡೇವಿಡ್ ಸೆಂಪಲ್ ರೂಪಿಸಿದ, ಕುರಿಯ ಮಿದುಳಿನಿಂದ ತಯಾರಾಗುವ ಲಸಿಕೆಯೇ ಮುಂದೆ ಸುಮಾರು ಒಂದು ಶತಮಾನ ಬಳಕೆಯಲ್ಲಿತ್ತು. ಹೊಕ್ಕುಳ ಸುತ್ತ ಹದಿನಾಲ್ಕು ಚುಚ್ಚುಮದ್ದುಗಳ ಭಯವನ್ನು ನಮ್ಮ ಹಿರಿಯರು ಇಂದಿಗೂ ನೆನೆಯುತ್ತಾರೆ.

ಈ ರೋಗದ ಲೆಕ್ಕ ಹಿಡಿದದ್ದರಲ್ಲಿ ದಕ್ಷಿಣ ಬೆಂಗಳೂರಿನ ಪಾಲು ದೊಡ್ಡದು. ಕೆಂಪೇಗೌಡ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಡಾ. ಎಂ.ಕೆ. ಸುದರ್ಶನರ ನೇತೃತ್ವದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ 2003ರಲ್ಲಿ ನಡೆದ ರಾಷ್ಟ್ರೀಯ ಸಮೀಕ್ಷೆಯು, ಭಾರತದಲ್ಲಿ ವರ್ಷಕ್ಕೆ 20,565 ಮಂದಿ ರೇಬೀಸಿನಿಂದ ಸಾಯುತ್ತಾರೆಂದು ಅಂದಾಜುಮಾಡಿತು. ಇತ್ತೀಚಿನ ಅಧ್ಯಯನಗಳು ಈ ಸಂಖ್ಯೆ ಬಹಳ ಇಳಿದಿದೆಯೆಂದು ಸೂಚಿಸುತ್ತವೆ. ಆದರೂ ಅದು ಸಾವಿರಗಳಲ್ಲಿಯೇ ಇದೆ. ನಿಮ್ಹಾನ್ಸ್ ಸಂಸ್ಥೆಯ ನರವೈರಾಣು ವಿಭಾಗವು ರೇಬೀಸ್ ಸಂಶೋಧನೆಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸಹಯೋಗಿ ಕೇಂದ್ರವಾಗಿದೆ. ಕರ್ನಾಟಕ ಸರ್ಕಾರವು 2022ರ ಡಿಸೆಂಬರ್‌ನಲ್ಲಿ ಮನುಷ್ಯರ ರೇಬೀಸನ್ನು ಕಡ್ಡಾಯವಾಗಿ ವರದಿಮಾಡಬೇಕಾದ ರೋಗವೆಂದು ಘೋಷಿಸಿತು. ಸಾಯುವವರಲ್ಲಿ ಬಡವರೂ ಮಕ್ಕಳೂ ಹೆಚ್ಚು. ಕಾರಿನಲ್ಲಿ ಹೋಗುವವನನ್ನು ನಾಯಿ ಕಚ್ಚುವುದಿಲ್ಲ. ನಸುಕಿನಲ್ಲಿ ಕಸ ಗುಡಿಸುವ ಪೌರಕಾರ್ಮಿಕಳನ್ನು, ಚಿಂದಿ ಆಯುವ ಹುಡುಗನನ್ನು, ಬಯಲಿನಲ್ಲಿ ಆಡುವ ಕೂಲಿಯವರ ಮಗುವನ್ನು ಕಚ್ಚುತ್ತದೆ.

ಮದರಾಸಿನಿಂದ ಬೆಂಗಳೂರಿಗೆ

ಈ ಭಯಕ್ಕೆ ನಗರಸಭೆಗಳು ಕಂಡುಕೊಂಡ ಪರಿಹಾರ ವಧೆ. ಮದರಾಸಿನಲ್ಲಿ 1860ರಿಂದ ಬೀದಿನಾಯಿಗಳನ್ನು ಹಿಡಿದು ಕೊಲ್ಲುವ ಕಾರ್ಯಕ್ರಮ ನಡೆದಿತ್ತು. ಚಿನ್ನಿ ಕೃಷ್ಣ ಅವರು ಬರೆದಿರುವಂತೆ, 1970ರ ದಶಕದಲ್ಲಿ ಕೊಂದ ನಾಯಿಗಳ ಸಂಖ್ಯೆ ಎಷ್ಟಿತ್ತೆಂದರೆ ಅವುಗಳ ಚರ್ಮದಿಂದ ವಸ್ತುಗಳನ್ನು ತಯಾರಿಸುವ ಪ್ರಯೋಗವೂ ನಡೆಯಿತು. ಅಷ್ಟು ಕೊಂದರೂ ನಾಯಿಗಳು ಕಡಿಮೆಯಾಗಲಿಲ್ಲ. ಕೊಂದು ಬರಿದಾದ ಬೀದಿಗೆ ಪಕ್ಕದ ಬೀದಿಯ ನಾಯಿಗಳು ಬರುತ್ತವೆ. ಕಸದಲ್ಲಿ ಆಹಾರವಿರುವ ತನಕ ಹೆಣ್ಣುನಾಯಿಗಳು ಮರಿಹಾಕುತ್ತಲೇ ಇರುತ್ತವೆ. ಕೃಷ್ಣ ಅವರ ತಂದೆ, ವಿಮಾನಚಾಲಕ ಕ್ಯಾಪ್ಟನ್ ವಿ. ಸುಂದರಂ 1959ರಲ್ಲಿ ಸ್ಥಾಪಿಸಿದ ಬ್ಲೂ ಕ್ರಾಸ್ ಸಂಸ್ಥೆಯು 1964ರಿಂದಲೇ, ಕೊಲ್ಲುವ ಬದಲು ಸಂತಾನಹರಣ ಮಾಡಿ ಲಸಿಕೆ ಹಾಕಿ ಅದೇ ಬೀದಿಗೆ ಬಿಡಿರೆಂದು ವಾದಿಸಿತು. ಮದರಾಸಿನ ನಗರಪಾಲಿಕೆ ಒಪ್ಪಿದ್ದು 1996ರಲ್ಲಿ. 2001ರಲ್ಲಿ ಕೇಂದ್ರ ಸರ್ಕಾರವು ಇದನ್ನೇ ದೇಶದ ನಿಯಮವನ್ನಾಗಿ ಮಾಡಿತು. 2023ರ ಹೊಸ ನಿಯಮಗಳು ಬೀದಿನಾಯಿಯನ್ನು ‘ಸಮುದಾಯದ ಪ್ರಾಣಿ’ ಎಂದು ಕರೆದು, ಆಹಾರ ಹಾಕುವ ಸ್ಥಳವನ್ನು ಗೊತ್ತುಮಾಡುವ ಹೊಣೆಯನ್ನು ಬಡಾವಣೆಗಳ ನಿವಾಸಿ ಸಂಘಗಳಿಗೂ ವಹಿಸಿದವು.

ಬೆಂಗಳೂರಿನಲ್ಲಿ ಈ ಕೆಲಸಕ್ಕೆ ತಳಹದಿ ಹಾಕಿದವರಲ್ಲಿ ಕ್ರಿಸ್ಟಲ್ ರೋಜರ್ಸ್ ಎಂಬ ಆಂಗ್ಲ ಮಹಿಳೆ ಪ್ರಮುಖರು. 1959ರಲ್ಲಿ ದೆಹಲಿಯ ಬೀದಿಯಲ್ಲಿ, ಕಾಗೆಗಳು ಕಣ್ಣು ಕುಕ್ಕಿದ್ದ ಸಾಯುತ್ತಿರುವ ಕುದುರೆಯೊಂದನ್ನು ಕಂಡು ಆಕೆ ಭಾರತದಲ್ಲಿಯೇ ಉಳಿದರು. ದೆಹಲಿಯಲ್ಲೂ ಜೈಪುರದಲ್ಲೂ ಆಶ್ರಯಗಳನ್ನು ಸ್ಥಾಪಿಸಿ, ಎಂಬತ್ತು ದಾಟಿದ ವಯಸ್ಸಿನಲ್ಲಿ ಬೆಂಗಳೂರಿಗೆ ಬಂದು, 1991ರಲ್ಲಿ ಕ್ಯೂಪಾ ಸಂಸ್ಥೆಯನ್ನು ಆರಂಭಿಸಿದರು, 1996ರಲ್ಲಿ ತೀರಿಕೊಂಡರು. ಹೊಸ ನಿಯಮಗಳು ಬಂದ ಮೇಲೆ ಇಂಥ ಸಂಸ್ಥೆಗಳೂ ಪಾಲಿಕೆಯೂ ಕೂಡಿ ಶಸ್ತ್ರಚಿಕಿತ್ಸೆಗಳನ್ನು ನಡೆಸಿದವು.

2007ರ ಆರಂಭದಲ್ಲಿ ಎರಡು ತಿಂಗಳ ಅಂತರದಲ್ಲಿ ಬೆಂಗಳೂರಿನ ಇಬ್ಬರು ಚಿಕ್ಕ ಮಕ್ಕಳು ಬೀದಿನಾಯಿಗಳ ಹಿಂಡಿಗೆ ಬಲಿಯಾದರು. ನಗರ ಕೋಪದಿಂದ ಕುದಿಯಿತು. ನಾಯಿಗಳನ್ನು ರಾಶಿರಾಶಿಯಾಗಿ ಹಿಡಿದು ಕೊಲ್ಲಲಾಯಿತು. ಪ್ರಾಣಿದಯಾ ಸಂಘಗಳು ಪ್ರತಿಭಟಿಸಿದವು. ಒಂದು ಗುಂಪು ಮಕ್ಕಳ ಹೆಸರನ್ನೂ ಇನ್ನೊಂದು ಗುಂಪು ನಾಯಿಗಳ ಹೆಸರನ್ನೂ ಹಿಡಿದು ಎದುರುಬದುರು ನಿಂತಿತು. ಮಾಂಸದಂಗಡಿಗಳ ತ್ಯಾಜ್ಯವನ್ನು ಬಯಲಿಗೆ ಸುರಿಯುವ ಪದ್ಧತಿಯನ್ನೂ, ಕೂಲಿಯವರ ಮಕ್ಕಳಿಗೆ ಆಡಲು ಸುರಕ್ಷಿತ ಅಂಗಳವಿಲ್ಲದ ಸ್ಥಿತಿಯನ್ನೂ ಕುರಿತ ಮಾತು ಆ ಗದ್ದಲದಲ್ಲಿ ಕ್ಷೀಣವಾಯಿತು.

ತರುವಾಯದ ಅಂಕಿಗಳು ಗಮನಾರ್ಹವಾಗಿವೆ. ಪಾಲಿಕೆಯ 2019ರ ಗಣತಿಯಲ್ಲಿ ನಗರದ ಬೀದಿನಾಯಿಗಳು ಸುಮಾರು 3.10 ಲಕ್ಷ, 2023ರಲ್ಲಿ ಸುಮಾರು 2.79 ಲಕ್ಷ. ಸಂತಾನಹರಣವಾದ ನಾಯಿಗಳ ಪ್ರಮಾಣ ಶೇಕಡಾ 51ರಿಂದ 71ಕ್ಕೆ ಏರಿತ್ತು. ವಧೆಯಿಂದ ಆಗದಿದ್ದ ಇಳಿತವು ತಾಳ್ಮೆಯ ಕೆಲಸದಿಂದ ನಿಧಾನವಾಗಿ ಆಗತೊಡಗಿತ್ತು.

ಬಯಲು ಆಶ್ರಯಧಾಮ

ಬೀದಿಗೆ ಮರಳಲಾಗದ ನಾಯಿಗಳೂ ಉಂಟು: ಲಾರಿಗೆ ಸಿಕ್ಕಿ ಕಾಲು ಕಳೆದುಕೊಂಡವು, ಕುರುಡಾದವು, ಸಾಕಿದವರೇ ಮುಪ್ಪಿನಲ್ಲಿ ಬಿಟ್ಟುಹೋದವು. ಇವುಗಳಿಗಾಗಿ ರೂಪುಗೊಂಡದ್ದೇ ಪಂಜರವಿಲ್ಲದ ಬಯಲು ಆಶ್ರಯಧಾಮ. ಸುತ್ತಲೂ ಬೇಲಿ ಹಾಕಿದ ಜಮೀನಿನಲ್ಲಿ ನಾಯಿಗಳು ಹಿಂಡುಹಿಂಡಾಗಿ ಸ್ವತಂತ್ರವಾಗಿ ತಿರುಗುತ್ತವೆ. ನೆರಳು, ನೀರು, ಆಹಾರ, ಚಿಕಿತ್ಸೆಗಳು ಅಲ್ಲಿಯೇ ಸಿಗುತ್ತವೆ. ಮಧ್ಯ ಅಮೆರಿಕದ ಕೋಸ್ಟರಿಕಾದ ‘ತೆರ್ರಿತೋರಿಯೊ ದೆ ಸಗ್ವಾತೆಸ್’ ಎಂಬ ಬೆಟ್ಟದ ಧಾಮ ಇದಕ್ಕೆ ಜಗತ್ಪ್ರಸಿದ್ಧ ಉದಾಹರಣೆ. ನಮ್ಮಲ್ಲಿ ಬೆಂಗಳೂರಿನ ಸಾಫ್ಟ್‌ವೇರ್ ಉದ್ಯಮಿ ರಾಕೇಶ್ ಶುಕ್ಲಾ ದೊಡ್ಡಬಳ್ಳಾಪುರ ಸೀಮೆಯ ಮೂರೂವರೆ ಎಕರೆ ಜಮೀನಿನಲ್ಲಿ 2017ರ ವೇಳೆಗೆ 700ಕ್ಕೂ ಹೆಚ್ಚು ನಾಯಿಗಳನ್ನು ಸಾಕುತ್ತಿದ್ದರು.

ಇಂಥ ಧಾಮದ ಆಡಳಿತ ಸುಲಭವಲ್ಲ. ಹೊಸದಾಗಿ ಬಂದ ನಾಯಿಯನ್ನು ಕೆಲದಿನ ಬೇರೆಯಾಗಿರಿಸದಿದ್ದರೆ ಡಿಸ್ಟೆಂಪರ್, ಪಾರ್ವೊ ರೋಗಗಳು ಇಡೀ ಹಿಂಡಿಗೆ ಹರಡುತ್ತವೆ. ಪ್ರತಿಯೊಂದಕ್ಕೂ ಸಂತಾನಹರಣವಾಗಿರಬೇಕು, ಹೊಂದದ ಹಿಂಡುಗಳನ್ನು ಬೇರ್ಪಡಿಸಬೇಕು, ದಿನಂಪ್ರತಿ ಅನ್ನ ಬೇಯಬೇಕು. ಎಲ್ಲ ನಾಯಿಗಳನ್ನೂ ಇಲ್ಲಿಗೇ ತರೋಣವೆಂದರೆ ಲೆಕ್ಕ ಹೊಂದುವುದಿಲ್ಲ. 700 ನಾಯಿಗಳಿಗೊಂದರಂತೆ ಬೆಂಗಳೂರಿನ 2.79 ಲಕ್ಷ ನಾಯಿಗಳಿಗೆ ಸುಮಾರು 400 ಧಾಮಗಳು ಬೇಕು. ಮೂರೂವರೆ ಎಕರೆಯಂತೆ ಹಿಡಿದರೂ 1,400 ಎಕರೆ ಭೂಮಿ ಬೇಕು. 2025ರ ಜುಲೈನಲ್ಲಿ ಪಾಲಿಕೆಯು ಸುಮಾರು 5,000 ನಾಯಿಗಳಿಗೆ ಕೋಳಿ ಅನ್ನ ಹಾಕಲು ಸುಮಾರು 2.88 ಕೋಟಿ ರೂಪಾಯಿಗಳ ಯೋಜನೆಯನ್ನು ಪ್ರಕಟಿಸಿದಾಗಲೇ ಎದ್ದ ಟೀಕೆಯನ್ನು ನೆನೆದರೆ, ಸಾರ್ವಜನಿಕ ಹಣದಿಂದ ಲಕ್ಷಾಂತರ ನಾಯಿಗಳನ್ನು ಆಜೀವ ಸಾಕುವುದು ಎಷ್ಟು ಕಷ್ಟವೆಂದು ತಿಳಿಯುತ್ತದೆ. ಸ್ಥಳವೂ ಹಣವೂ ಇಲ್ಲದೆ ಆಜ್ಞೆಯ ಬಲದಿಂದ ತುಂಬಿಸಿದ ಆಶ್ರಯವು ಬ್ಯಾಟರ್‌ಸೀಯ ಹಾದಿಯನ್ನೇ ಹಿಡಿಯುವ ಅಪಾಯವಿದೆ. ಆದಕಾರಣ ಬಯಲು ಧಾಮವು ದುರ್ಬಲ ನಾಯಿಗಳ ಆಸ್ಪತ್ರೆಯಾಗಿ, ವೃದ್ಧಾಶ್ರಮವಾಗಿ ಇರತಕ್ಕದ್ದು. ನಗರದ ಬೀದಿಯ ಸಮಸ್ಯೆಯನ್ನು ಕಣ್ಣಿಗೆ ಕಾಣದಂತೆ ಸಾಗಿಸುವ ಉಗ್ರಾಣವಾಗಬಾರದು.

ಸಭೆಯ ಕರ್ತವ್ಯ

ಸಂತ ಫ್ರಾನ್ಸಿಸನೂ ಗುಬ್ಬಿಯೊ ಪಟ್ಟಣದ ತೋಳವೂ ಎಂಬ ಐತಿಹ್ಯವನ್ನು ನಾವು ಮಕ್ಕಳ ಕಥೆಯಾಗಿ ಹೇಳುತ್ತೇವೆ. ಅದರ ತಿರುಳು ಒಂದು ಒಡಂಬಡಿಕೆ. ತೋಳವು ಮನುಷ್ಯರನ್ನೂ ದನಕರುಗಳನ್ನೂ ಕೊಂದಿತ್ತು. ಫ್ರಾನ್ಸಿಸನು ಅದರ ಅಪರಾಧವನ್ನು ಮುಚ್ಚಿಡಲಿಲ್ಲ. ಹಸಿವೇ ಆ ಅಪರಾಧಕ್ಕೆ ಕಾರಣವೆಂದೂ ಹೇಳಿದನು. ಪಟ್ಟಣದವರು ಪ್ರತಿದಿನ ಆಹಾರ ಕೊಡತಕ್ಕದ್ದು, ತೋಳವು ಯಾರಿಗೂ ಹಾನಿ ಮಾಡತಕ್ಕದ್ದಲ್ಲ ಎಂದು ಎರಡೂ ಕಡೆಯಿಂದ ಮಾತು ತೆಗೆದುಕೊಂಡನು. ತೋಳವನ್ನು ಊರ ಹೊರಗಟ್ಟಲಿಲ್ಲ, ಊರಿನೊಳಗೇ ಇರಿಸಿದನು.

ಈ ಒಡಂಬಡಿಕೆಯಲ್ಲಿ ಊರಿನವರ ಪಾಲೇನೆಂಬುದನ್ನು ಧರ್ಮಶಾಸ್ತ್ರವು ಸ್ಪಷ್ಟಪಡಿಸುತ್ತದೆ. ವಿಮೋಚನಕಾಂಡದ 21ನೆಯ ಅಧ್ಯಾಯದ ಪ್ರಕಾರ, ಹಾಯುವ ಎತ್ತೆಂದು ಎಚ್ಚರಿಕೆ ಬಂದ ಮೇಲೂ ಅದನ್ನು ಕಟ್ಟದೆ ಬಿಟ್ಟ ಯಜಮಾನನು ಸಾವಿಗೆ ಹೊಣೆಗಾರನು. ಬೀದಿನಾಯಿಗೆ ಒಬ್ಬ ಯಜಮಾನನಿಲ್ಲ; ಅಂದಮೇಲೆ ಹೊಣೆ ಇಡೀ ಬೀದಿಯದು. ಅನ್ನ ಹಾಕುವವನು ಲಸಿಕೆಯನ್ನೂ ಶಸ್ತ್ರಚಿಕಿತ್ಸೆಯನ್ನೂ ಮಾಡಿಸದೆ ಅನ್ನವನ್ನಷ್ಟೇ ಹಾಕಿದರೆ ಅವನ ದಯೆ ಅರ್ಧದ್ದು. ಕಚ್ಚುವ ನಾಯಿಯ ವಿಷಯದಲ್ಲಿ ದೂರು ಬಂದಾಗ ಅದನ್ನು ಬಚ್ಚಿಡುವವನು ಎಚ್ಚರಿಕೆ ಬಂದ ಯಜಮಾನನ ಸ್ಥಾನದಲ್ಲಿರುವವನು. ಕಸವನ್ನು ಖಾಲಿ ನಿವೇಶನಕ್ಕೆ ಎಸೆದು ನಾಯಿಗಳನ್ನು ಶಪಿಸುವವನೂ ಆ ಹೊಣೆಯಿಂದ ತಪ್ಪಿಸಿಕೊಳ್ಳಲಾರನು.

ನಗರದ ದಕ್ಷಿಣ ಅಂಚಿನ ಸುಬ್ರಹ್ಮಣ್ಯಪುರ, ಉತ್ತರಹಳ್ಳಿ, ವಸಂತಪುರಗಳಂಥ ಪ್ರದೇಶಗಳಲ್ಲಿ ಇದು ದಿನನಿತ್ಯದ ಪ್ರಶ್ನೆ. ಒಂದೆರಡು ತಲೆಮಾರುಗಳ ಹಿಂದೆ ಇವು ಕೆರೆ, ಹೊಲಗಳ ನಡುವಿನ ಹಳ್ಳಿಗಳು. ಹಳ್ಳಿಯ ನಾಯಿಗೆ ಇಂಥವನ ನಾಯಿಯೆಂಬ ಹೆಸರಿಲ್ಲದಿದ್ದರೂ ನಾಲ್ಕು ಮನೆಗಳ ಮುದ್ದೆಯ ಚೂರು ಸಿಗುತ್ತಿತ್ತು. ಹೊಲಗಳು ಬಡಾವಣೆಗಳಾಗಿ, ಬಡಾವಣೆಗಳ ನಡುವೆ ಅಪಾರ್ಟ್‌ಮೆಂಟುಗಳೆದ್ದು, ಅವುಗಳಿಗೆ ಗೇಟುಗಳು ಬಂದಾಗ ನಾಯಿಯು ಗೇಟಿನ ಹೊರಗುಳಿಯಿತು. ಅದೇ ಗೇಟಿನ ಹೊರಗೆ, ಕಟ್ಟಡ ಕಟ್ಟಿದ ಕೂಲಿಯವರ ತಗಡಿನ ಗುಡಿಸಲುಗಳೂ ಉಳಿದವು. ಲೂಕನ ಸಾಮ್ಯದ ಬಾಗಿಲು ಇದೇ. ನಾಯಿಯ ಮೇಲೆ ಕನಿಕರಪಟ್ಟು ಗುಡಿಸಲಿನ ಮಗುವನ್ನು ಮರೆಯುವ ಭಕ್ತಿಯೂ, ಮಗುವಿನ ಹೆಸರಿನಲ್ಲಿ ನಾಯಿಯನ್ನು ಕೊಂದು ಗುಡಿಸಲನ್ನು ಹಾಗೆಯೇ ಬಿಡುವ ನ್ಯಾಯವೂ ಆ ಬಾಗಿಲನ್ನು ಮುಚ್ಚಿಯೇ ಇಡುತ್ತವೆ.

ಸಭೆಗಳು ಮಾಡಬಹುದಾದ ಕೆಲಸ ಚಿಕ್ಕದಾಗಿದ್ದರೂ ನಿಶ್ಚಿತವಾದದ್ದು. ದೇವಾಲಯದ ಆವರಣದಲ್ಲಿ ವರ್ಷಕ್ಕೊಮ್ಮೆ ರೇಬೀಸ್ ಲಸಿಕೆಯ ಶಿಬಿರವನ್ನು ನಡೆಸಬಹುದು; ಒಂದು ಪ್ರದೇಶದ ನಾಯಿಗಳಲ್ಲಿ ಶೇಕಡಾ 70ಕ್ಕೆ ಲಸಿಕೆಯಾದರೆ ರೋಗದ ಹರಡುವಿಕೆ ನಿಲ್ಲುತ್ತದೆಂದು ತಜ್ಞರು ಹೇಳುತ್ತಾರೆ. ಭಾನುವಾರದ ಶಾಲೆಯ ಮಕ್ಕಳಿಗೆ ನಾಯಿಯ ಎದುರು ಓಡಬಾರದೆಂದೂ, ಕಚ್ಚಿದರೆ ಗಾಯವನ್ನು ಸಾಬೂನು ಮತ್ತು ಹರಿಯುವ ನೀರಿನಿಂದ ಹದಿನೈದು ನಿಮಿಷ ತೊಳೆದು ಕೂಡಲೇ ಆಸ್ಪತ್ರೆಗೆ ಹೋಗಬೇಕೆಂದೂ ಕಲಿಸಬಹುದು. ಪ್ರೀತಿಭೋಜನಗಳ ಎಂಜಲನ್ನು ರಸ್ತೆಯ ಮೂಲೆಗೆ ಸುರಿಯುವುದನ್ನು ನಿಲ್ಲಿಸಬಹುದು. ಕಚ್ಚಿಸಿಕೊಂಡ ಬಡ ಕುಟುಂಬಕ್ಕೆ ಲಸಿಕೆಯ ಎಲ್ಲ ಸುತ್ತುಗಳೂ ಪೂರ್ಣವಾಗುವ ತನಕ ಜೊತೆನಿಲ್ಲಬಹುದು. ಬೀದಿಗೆ ಮರಳಲಾಗದ ಕುಂಟ, ಕುರುಡು ನಾಯಿಗಳನ್ನು ಸಾಕುವ ಧಾಮಗಳಿಗೆ, ಅವುಗಳನ್ನು ನಡೆಸುವವರು ಯಾವ ಮತದವರೇ ಆಗಿರಲಿ, ಕೈಲಾದ ನೆರವನ್ನು ಕೊಡಬಹುದು. ಗಾಂಪರ್ಟ್ಸನನ್ನು ಹೊರಗಟ್ಟಿದ ದೋಷಕ್ಕೆ ಅದೊಂದು ತಡವಾದ ಪರಿಹಾರವೂ ಆದೀತು.

ಯೋನನ ಗ್ರಂಥವು ದೇವರ ಒಂದು ಪ್ರಶ್ನೆಯೊಂದಿಗೆ ಮುಗಿಯುತ್ತದೆ. ಎಡಗೈ ಬಲಗೈ ತಿಳಿಯದ ಲಕ್ಷಾಂತರ ಜನರೂ ಬಹು ಪಶುಗಳೂ ಇರುವ ಮಹಾನಗರದ ಮೇಲೆ ತಾನು ಕನಿಕರಪಡಬಾರದೋ ಎಂದು ಕರ್ತನು ಪ್ರವಾದಿಯನ್ನು ಕೇಳುತ್ತಾನೆ. ಜನರನ್ನೂ ಪಶುಗಳನ್ನೂ ಅವನು ಒಂದೇ ವಾಕ್ಯದಲ್ಲಿ ಎಣಿಸಿದ್ದಾನೆ. ನಮ್ಮ ನಗರದಲ್ಲಿ ಈ ಎರಡನ್ನು ಬೇರ್ಪಡಿಸಿ, ಒಂದರ ಪರವಾಗಿ ಇನ್ನೊಂದರ ಮೇಲೆ ಕಲ್ಲೆತ್ತುವ ಹವ್ಯಾಸ ಬೆಳೆದಿದೆ. ಆ ವಾಕ್ಯವನ್ನು ಪೂರ್ತಿಯಾಗಿ ಓದಿ, ಪೂರ್ತಿಯಾಗಿ ಬೋಧಿಸುವ ಕೆಲಸ ಪೀಠದ ಮೇಲೆ ನಿಲ್ಲುವ ನಮ್ಮದಾಗಿದೆ.